ಎಮ್ಮೆಗೆ ಕಳಿಸಿದ ದನಿ

ನಮ್ಮ ಎಮ್ಮೆ ನನ್ನ ದನಿ ಕೇಳದೆ ಹಾಲು ಕೊಡುತ್ತಿರಲಿಲ್ಲ. ಜಂಬಕ್ಕೆ ಈ ಮಾತು ಹೇಳುತ್ತಿಲ್ಲ. ಮನೆಯವರಿಗೆಲ್ಲ ಅದೊಂದು ತಲೆನೋವಾಗಿತ್ತು, ನನಗೂ ಸೇರಿ.

ಶಾಮನೂರಿನ ಹಳೇ ಮನೆಯಲ್ಲಿ ಆಗ ನಾವಿದ್ದದ್ದು ಮೂವರು: ನಾನು, ನನ್ನ ತಮ್ಮ, ಅವನ ಹೆಂಡತಿ. ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವಯಸ್ಸು ನಲವತ್ತು ದಾಟಿದೆ, ಮದುವೆಯಾಗಿಲ್ಲ. ಅಪ್ಪ ಹೋಗಿ ಬಹಳ ಕಾಲವಾಯಿತು. ಅವ್ವನೂ ಹೋದ ಮೇಲೆ ನಮ್ಮ ಸುತ್ತಲ ಹೊಲಗಳೆಲ್ಲ ಒಂದೊಂದಾಗಿ ಬಡಾವಣೆಯಾದವು. ಅವ್ವ ಸಾಕಿದ ದನಗಳಲ್ಲಿ ಕೊನೆಗೆ ಉಳಿದದ್ದು ಈ ಒಂದು ಎಮ್ಮೆ. ಅದು ಕರುವಾಗಿದ್ದಾಗ ತಾಯಿ ಹತ್ತಿರ ಸೇರಿಸದೆ ಒದೆಯುತ್ತಿದ್ದುದರಿಂದ ನಾನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದೆ.

ಎರಡನೇ ಸೂಲಿನಲ್ಲಿ ಅದರ ಕರು ಹನ್ನೆರಡೇ ದಿನಕ್ಕೆ ಭೇದಿಯಾಗಿ ಸತ್ತಿತು. ಕರು ಹೋದ ಎಮ್ಮೆ ಸುಲಭಕ್ಕೆ ಸೊರೆ ಬಿಡುವುದಿಲ್ಲ. ಕೆಚ್ಚಲು ತುಂಬಿರುತ್ತದೆ, ಆದರೆ ಹಾಲು ಮೊಲೆಗೆ ಇಳಿಯುವುದಿಲ್ಲ. ಎಷ್ಟು ಹಿಂಡಿದರೂ ನಾಲ್ಕು ಗುಟುಕು, ಅಷ್ಟೇ. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಎಮ್ಮೆಯ ಮುಂದೆ ನಿಲ್ಲಿಸುವ ಹಳೇ ಪದ್ಧತಿಯೊಂದಿದೆ. ತಮ್ಮ ಹಾಗೇ ಮಾಡೋಣ ಎಂದ. ನಾನು ಬೇಡವೆಂದೆ. ಇಂಜೆಕ್ಷನ್ ಕೊಡಿಸೋಣ ಎಂದ. ಅದಕ್ಕೂ ಬೇಡವೆಂದೆ. ಒಂದು ವಾರ ಬೆಳಿಗ್ಗೆ ಸಂಜೆ ಅದರ ಮಗ್ಗುಲಲ್ಲಿ ಕೂತು ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಾ ಸುಮ್ಮನೆ ಮಾತಾಡಿದೆ. ಎಂಥ ಮಾತು? ಸ್ಕೂಲಿನಲ್ಲಿ ಆದದ್ದು, ಹೆಡ್‌ಮಾಸ್ಟರ್ ಅಂದದ್ದು, ಬಸ್ಸಿನಲ್ಲಿ ಕಂಡದ್ದು. ಮಾತು ಮುಗಿದರೆ ಗಂಟಲಲ್ಲೇ ಒಂದು ರಾಗದಂಥದ್ದು ಗುನುಗುತ್ತಿದ್ದೆ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಅದರ ಕಿವಿ ಎರಡೂ ಇಳಿಬಿದ್ದವು, ಬೆನ್ನು ಸಡಿಲವಾಯಿತು, ಹಾಲು ತಾನೇ ಇಳಿಯಿತು. ಅಲ್ಲಿಂದ ಮುಂದೆ ನಾನು ಮಾತಾಡಿದರೆ ಹಾಲು, ಇಲ್ಲದಿದ್ದರೆ ಇಲ್ಲ. ತಮ್ಮನ ಹೆಂಡತಿ ಪಾಪ ಎಷ್ಟೋ ಪ್ರಯತ್ನಪಟ್ಟಳು. ಅವಳು ಚೊಂಬು ಹಿಡಿದು ಕೂತರೆ ಅದು ಮೆಲುಕು ಹಾಕುವುದನ್ನೂ ನಿಲ್ಲಿಸಿ ಗೋಡೆ ನೋಡುತ್ತಿತ್ತು.

ಮಕ್ಕಳಿಗೆ ಶಬ್ದದ ಪಾಠ ಬಂದಾಗ ನಾನು ಪುಸ್ತಕ ಮುಚ್ಚಿ ನಮ್ಮ ಹಿತ್ತಲಿನ ಕಥೆ ಹೇಳುತ್ತಿದ್ದೆ. ನಮ್ಮ ಬಾಗಿಲಲ್ಲಿ ಮಲಗುವ ಬೀದಿನಾಯಿಗೆ ತಮ್ಮನ ಬೈಕು ಇನ್ನೂ ಮೇನ್ ರೋಡಿನಲ್ಲಿರುವಾಗಲೇ ಗೊತ್ತಾಗುತ್ತದೆ. ಅದೇ ಕಂಪನಿಯ ಬೇರೆ ಬೈಕು ಎಷ್ಟು ಹೋದರೂ ಅದು ತಲೆ ಎತ್ತುವುದಿಲ್ಲ. ಬೆಕ್ಕು ಹುಲ್ಲಿನ ಬಣವೆಯ ಮುಂದೆ ಕೂತು ಒಂದು ಕಿವಿಯನ್ನು ಮಾತ್ರ ತಿರುಗಿಸುತ್ತದೆ. ಒಳಗೆ ಇಲಿಮರಿಗಳು ಚೀರುತ್ತಿರುತ್ತವೆ, ಆ ಚೀರು ನಮ್ಮ ಕಿವಿಗೆ ನಿಲುಕದಷ್ಟು ಸಣ್ಣ. ಪಕ್ಕದಲ್ಲೇ ಕೆದಕುವ ಕೋಳಿಗೂ ಅದು ಕೇಳುವುದಿಲ್ಲ. ಆದರೆ ಅದೇ ಕೋಳಿಯ ಮರಿ ಮೊಟ್ಟೆಯೊಳಗಿರುವಾಗಲೇ ತಾಯಿಯ ಲೊಚಗುಟ್ಟುವಿಕೆ ಕೇಳಿಸಿಕೊಂಡು ಉತ್ತರ ಕೊಡುತ್ತದೆ. ದನ, ಎಮ್ಮೆಗಳದು ಇನ್ನೊಂದು ಬಗೆ. ನಮಗೆ ಕೇಳದಷ್ಟು ಸಣ್ಣ ಶಬ್ದಗಳೂ ಅವಕ್ಕೆ ಕೇಳುತ್ತವೆ. ಆದರೆ ಶಬ್ದ ಎಲ್ಲಿಂದ ಬಂತು ಎಂದು ಗುರುತಿಸುವುದರಲ್ಲಿ ಅವು ಹಿಂದೆ. ನಾಯಿಯೋ ಬೆಕ್ಕೋ ಆದರೆ ಸರಕ್ಕನೆ ಅತ್ತ ತಿರುಗುತ್ತದೆ. ಎಮ್ಮೆ ಕಿವಿ ನಿಮಿರಿಸಿ, ‘ಕೇಳಿತು, ಆದರೆ ಎಲ್ಲಿಂದ’ ಎಂಬಂತೆ ನಿಂತಿರುತ್ತದೆ. ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇದೊಂದು ಮುಗ್ಧ ಸಂಗತಿ ಎಂದೇ ನಾನು ತಿಳಿದಿದ್ದೆ.

ಹೋದ ಬೇಸಿಗೆ ರಜೆಯಲ್ಲಿ ಹರಿಹರದ ನನ್ನ ಚಿಕ್ಕಮ್ಮನಿಗೆ ಮೊಣಕಾಲಿನ ಆಪರೇಷನ್ ಆಯಿತು. ಅವರಿಗೆ ಮಕ್ಕಳಿಲ್ಲ. ಒಂದೂವರೆ ತಿಂಗಳು ಪಕ್ಕದಲ್ಲಿ ಯಾರಾದರೂ ಇರಲೇಬೇಕಿತ್ತು. ನಾನು ಹೋಗುವುದೆಂದಾಯಿತು. ಎಮ್ಮೆಯದು ಹೇಗೆ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ದಾರಿ ತೋರಿಸಿದವನು ತಮ್ಮನೇ.

"ಅಕ್ಕ, ನಿನ್ನ ಮಾತು ಫೋನ್‌ನಾಗೆ ರೆಕಾರ್ಡ್ ಮಾಡಿಕೊಡು. ಹಿಂಡೋ ಹೊತ್ತಿಗೆ ಹಚ್ತೀವಿ."

"ಅದೇನು ಅಷ್ಟು ದಡ್ಡದೇನೋ?"

"ನೋಡಾನಲ್ಲ. ಆದ್ರೆ ಆತು, ಇಲ್ದಿದ್ರೆ ಇಲ್ಲ."

ಅವತ್ತು ಸಂಜೆ ಹಿಂಡುವಾಗ ಫೋನನ್ನು ಗೂಟಕ್ಕೆ ತೂಗುಹಾಕಿ ರೆಕಾರ್ಡ್ ಮಾಡಿದೆ. ಮಾಮೂಲಿನಂತೆ ಮಾತಾಡಿದೆ. ಹೆಡ್‌ಮಾಸ್ಟರ್ ಮೇಲಿನ ದೂರು ಹೇಳಿದೆ. ಆ ತಿಂಗಳು ಹೊಸಪೇಟೆ ಕಡೆಯಿಂದ ನನಗೊಂದು ಸಂಬಂಧ ಬಂದು, ನಾನೇ ಬೇಡ ಎಂದಿದ್ದೆ. ಯಾಕೆ ಬೇಡ ಎಂದೆ ಎಂಬುದನ್ನು ಮನೆಯಲ್ಲಿ ಹೇಳಿರಲಿಲ್ಲ, ಎಮ್ಮೆಗೆ ಹೇಳಿದೆ. ಕೊನೆಗೆ ಅದರ ತೊಡೆ ತಟ್ಟುತ್ತಾ ಹೇಳಿದೆ: "ನಾ ಬರೋತನಕ ಹಟ ಮಾಡಬ್ಯಾಡ. ನನ್ನ ತಮ್ಮ ಒಳ್ಳೇನು. ನಿನ್ನ ಚೆನ್ನಾಗಿ ನೋಡ್ಕಂತಾನೆ."

ಮರುದಿನ ನಾನು ಅಡುಗೆಮನೆಯಲ್ಲೇ ಉಳಿದೆ. ತಮ್ಮನ ಹೆಂಡತಿ ಕೊಟ್ಟಿಗೆಯಲ್ಲಿ ಫೋನ್ ಹಚ್ಚಿ ಕೂತಳು. ಮೊದಲು ಓಡಿಬಂದದ್ದು ನಾಯಿ. ಫೋನು ಮೂಸಿತು, ಅದರ ಹಿಂದೆ ನೋಡಿತು, ಗೂಟದ ಸುತ್ತ ಒಂದು ಸುತ್ತು ಹಾಕಿತು. ನಾನು ಅಲ್ಲಿಲ್ಲವೆಂದು ಖಾತ್ರಿಯಾದ ಮೇಲೆ ಹೋಗಿ ಮಲಗಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಅದು ತಲೆ ಎತ್ತಲಿಲ್ಲ. ಎಮ್ಮೆ ಹುಡುಕಲಿಲ್ಲ. ಕಿವಿ ನಿಮಿರಿಸಿತು, ಸ್ವಲ್ಪ ಹೊತ್ತು ಹಾಗೇ ನಿಂತಿತು, ಆಮೇಲೆ ಕಿವಿ ಇಳಿಬಿಟ್ಟು ಸೊರೆ ಬಿಟ್ಟಿತು. ಚೊಂಬಿಗೆ ಹಾಲು ಬೀಳುವ ಸದ್ದು ಅಡುಗೆಮನೆಗೆ ಕೇಳಿಸಿತು. ತಮ್ಮ ಚಪ್ಪಾಳೆ ಹೊಡೆದ. ನನಗೆ ಖುಷಿಯೂ ಆಯಿತು, ಒಳಗೆಲ್ಲೋ ಚುರ್ ಎಂದೂ ಆಯಿತು. ನಾನಿಲ್ಲದೆಯೂ ಆಗುತ್ತದಲ್ಲ ಎಂದು.

ಹರಿಹರದಲ್ಲಿ ಚಿಕ್ಕಮ್ಮನ ಮನೆ ಕೋಟೆಯ ಒಳಗಿನ ಒಂದು ಓಣಿಯಲ್ಲಿ. ಅವರನ್ನು ಎಬ್ಬಿಸುವುದು, ನಡೆಸುವುದು, ಕಾಲಿಗೆ ಐಸ್ ಇಡುವುದು, ಇದರಲ್ಲೇ ದಿನ ಹೋಗುತ್ತಿತ್ತು. ದಿನಾ ಸಂಜೆ ತಮ್ಮನಿಗೆ ಫೋನು.

"ಎಮ್ಮೆ ಹೆಂಗೈತೆ?"

"ಚೆನ್ನಾಗೈತೆ ಬಿಡು. ನಿನ್ನ ಭಾಷಣ ಕೇಳ್ಕಂಡು ಹಾಲು ಕೊಡ್ತೈತೆ."

ಹತ್ತು ದಿನವಾದ ಮೇಲೆ ಅವನು ಇನ್ನೂ ಒಂದೆರಡು ವಾಯ್ಸ್ ಮೆಸೇಜ್ ಕಳಿಸು ಎಂದ. ಒಂದೇ ಕೇಳಿ ಕೇಳಿ ಅದಕ್ಕೆ ಬೇಜಾರಾಗಿದೆಯಂತೆ. ನಾನು ನಕ್ಕು ಎರಡು ಕಳಿಸಿದೆ. ಆಮೇಲೆ ಒಂದು ದಿನ ಹೇಳಿದ:

"ಚಾನಲ್‌ಗೆ ಮೈ ತೊಳೆಯಾಕೆ ಹೊಡ್ಕಂಡು ಹೋದ್ರೆ ದಂಡೆ ಹತ್ತಾಕೆ ಹಟ ಮಾಡ್ತೈತೆ ಅಕ್ಕ. ಅವತ್ತು ನೀನು ಮ್ಯಾಲೆ ನಿಂತು ಕರೀತಿದ್ದೆಲ್ಲ, ಅದೊಂದು ಕಳ್ಸು."

ಅದು ನಿಜವಾಗಿ ಹಟ ಮಾಡುತ್ತಿತ್ತು. ನೀರಾವರಿ ಚಾನಲ್ಲಿನ ದಂಡೆ ಜಾರುತ್ತದೆ. ಒಂದು ಸಲ ಬಿದ್ದು ಮುಂಗಾಲು ತರಚಿಕೊಂಡ ಮೇಲೆ ಏರು ಕಂಡರೆ ಅದಕ್ಕೆ ಭಯ. ನಾನು ದಂಡೆಯ ಮೇಲೆ ನಿಂತು ಕರೆದರೆ ಮಾತ್ರ ಹೆಜ್ಜೆ ಇಡುತ್ತಿತ್ತು. ಚಿಕ್ಕಮ್ಮನ ಮನೆಯ ತಾರಸಿಗೆ ಹೋಗಿ, ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಎಂದು ನಾಚಿಕೊಂಡು, ಆ ಕರೆಯನ್ನೂ ಕಳಿಸಿದೆ. "ಹತ್ತು ನನ್ನವ್ವ, ಹತ್ತು… ಹಾಂ, ಇನ್ನೊಂದು ಹೆಜ್ಜಿ… ಹೆದರಬ್ಯಾಡ, ನಾನಿದೀನಿ, ನಾನಿದೀನಿ."

ಎರಡು ದಿನವಾದ ಮೇಲೆ ನನಗೆ ಯಾಕೋ ಅದರ ದನಿ ಕೇಳಬೇಕೆನಿಸಿತು. ಒಂದು ಸಲ ಕೂಗಿದ್ದು ರೆಕಾರ್ಡ್ ಮಾಡಿ ಕಳಿಸೋ ಎಂದೆ. ಮರುದಿನ ಕಳಿಸಿದ. ಕೇಳಿದ ಕೂಡಲೇ ಇದು ನಮ್ಮದಲ್ಲ ಎನ್ನಿಸಿತು. ನಮ್ಮ ಎಮ್ಮೆಯ ಕೂಗು ಕೊನೆಯಲ್ಲಿ ಒಡೆಯುತ್ತದೆ, ಇದು ಉದ್ದಕ್ಕೆ ಎಳೆದು ನಿಂತಿತ್ತು. ಫೋನ್ ಮಾಡಿ ಕೇಳಿದೆ.

"ಬ್ಯಾರೆ ಥರ ಕೇಳ್ತೈತಲ್ಲೋ?"

"ಶೀತ ಆಗೈತೆ ಅಕ್ಕ ಅದಕ್ಕೆ. ಮೂಗು ಸೋರ್ತೈತೆ."

ನನ್ನ ಕಿವಿಗೆ ಅವತ್ತೇ ಗೊತ್ತಾಗಿತ್ತು. ಆದರೆ ಕಿವಿಯ ಮಾತಿಗಿಂತ ತಮ್ಮನ ಮಾತು ನನಗೆ ದೊಡ್ಡದಾಗಿತ್ತು. ಅರಿಸಿನ, ಬೆಲ್ಲ ಕುದಿಸಿ ಕುಡಿಸು ಎಂದು ಹೇಳಿ ಫೋನಿಟ್ಟೆ.

ಇದಾಗಿ ಸುಮಾರು ಎರಡೂವರೆ ವಾರಕ್ಕೆ, ಮಧ್ಯಾಹ್ನ ಚಿಕ್ಕಮ್ಮನಿಗೆ ಊಟ ಬಡಿಸಿ ಕೂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಒಬ್ಬ ಹೆಂಗಸು. ನಾನು ಹಲೋ ಎಂದ ಕೂಡಲೇ ಅವಳು ಹತ್ತಿರದಲ್ಲಿದ್ದ ಯಾರಿಗೋ "ಇವ್ರೇ ಇವ್ರೇ, ಅದೇ ದನಿ" ಎಂದಳು. ಆಮೇಲೆ ನನಗೆ ಹೇಳಿದಳು:

"ಅಕ್ಕಾರ, ನೀವು ಎಮ್ಮೆಗೆ ಮಾತಾಡೋರಲ್ರಿ?"

"ಹೌದು. ನೀವ್ಯಾರು?"

"ನಾನ್ರಿ, ಎಮ್ಮೆ ತಗಂಡಿರೋಳು. ನಿಮ್ಮ ತಮ್ಮಾರು ಫೋನ್ ಎತ್ತವಲ್ರು. ಅದಕ್ಕೆ ಶಾಮನೂರು ಹಾಲಿನ ಡೇರ್ಯಾಗೆ ನಿಮ್ಮ ನಂಬರ್ ಇಸ್ಕಂಡೆ. ನಾಕು ದಿನ ಆತು, ಎಮ್ಮೆ ಸೊರೆ ಬಿಡ್ತಾನೇ ಇಲ್ರಿ. ನೀವು ಬ್ಯಾರೆ ಒಂದು ಮಾತು ಕಳಿಸ್ತೀರೇನು ಅಂತ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಯಾವ ಎಮ್ಮೆ ಎಂದೆ. ಅವಳು ಹಣೆಯ ಬಿಳಿ ಚುಕ್ಕೆ ಹೇಳಿದಳು, ಎಡಗೊಂಬಿನ ತಿರುವು ಹೇಳಿದಳು, ಮುಂಗಾಲಿನ ತರಚು ಗಾಯದ ಗುರುತು ಹೇಳಿದಳು. ತಮ್ಮ ಅದನ್ನು ಮಾರಿ ಇಪ್ಪತ್ತು ದಿನವಾಯಿತಂತೆ.

"ನೀವಿರೋದು ಎಲ್ಲಿ?"

"ಹರಿಹರರಿ. ಹೊಳೆ ದಂಡಿ ಕಡೆ."

ಅದೇ ಊರಿನಲ್ಲಿ ನಾನು ಕೂತಿದ್ದೆ. ಅರ್ಧ ತಾಸಿನ ದಾರಿಯಲ್ಲಿ ಎಮ್ಮೆ ಕಟ್ಟಿಹಾಕಿತ್ತು, ನಾನು ಶಾಮನೂರಿಗೆ ಅದರ ಶೀತಕ್ಕೆ ಕಷಾಯ ಹೇಳುತ್ತಿದ್ದೆ.

ಚಿಕ್ಕಮ್ಮನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಆಟೋ ಹತ್ತಿದೆ. ದಾರಿಯಲ್ಲಿ ತಮ್ಮನಿಗೆ ಫೋನ್ ಮಾಡಬೇಕೆಂದು ಮೂರು ಸಲ ಕೈಗೆತ್ತಿಕೊಂಡೆ, ಮಾಡಲಿಲ್ಲ. ಇನ್ನೊಂದು ಸುಳ್ಳು ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಆ ಹೆಂಗಸು ಮೂವತ್ತರ ಆಸುಪಾಸಿನವಳು. ತಗಡಿನ ಕೊಟ್ಟಿಗೆ, ಅಚ್ಚುಕಟ್ಟಾಗಿ ಗುಡಿಸಿದ್ದಳು. ನನ್ನನ್ನು ಕಂಡವಳೇ ಹಳೇ ಪರಿಚಯದವರನ್ನು ಕಂಡಂತೆ ಮುಖ ಅರಳಿಸಿದಳು.

"ಬರ್ರಿ ಅಕ್ಕಾರ, ಕೂಡ್ರಿ. ದಿನಾ ಎರಡು ಹೊತ್ತು ನಿಮ್ಮ ಮಾತೇ ಕೇಳ್ತೀವಿ ನಮ್ಮ ಮನ್ಯಾಗೆ. ನಿಮ್ಮ ಹೆಡ್‌ಮಾಸ್ಟ್ರು ಸುಧಾರಿಸಿದ್ರೇನು?"

ಅವಳು ನೀರು ತಂದುಕೊಟ್ಟು, ಪ್ರೀತಿಯಿಂದಲೇ, ದನಿ ತಗ್ಗಿಸಿ ಹೇಳಿದಳು: "ಆ ಹೊಸಪೇಟೆ ಸಂಬಂಧ ಬ್ಯಾಡ ಅಂದಿದ್ದು ಚಲೋ ಮಾಡಿದ್ರಿ ಬಿಡ್ರಿ. ನನ್ನ ಗಂಡನೂ ಅದೇ ಅಂದ."

ನೀರಿನ ಲೋಟ ನನ್ನ ಕೈಯಲ್ಲಿ ಹಾಗೇ ಇತ್ತು. ಒಂದು ಮೂಕಪ್ರಾಣಿಯ ಕಿವಿಗೆಂದು ಹೇಳಿದ ಮಾತು ಎಷ್ಟು ಮನೆಗಳನ್ನು ಹೊಕ್ಕು ಬಂದಿತ್ತೋ. ತಮ್ಮ ಅದನ್ನು ಕೇಳಿದ್ದ. ಮಾರಿಸಿಕೊಟ್ಟ ದಲ್ಲಾಳಿ ಯಾವನೋ, ಅವನೂ ಕೇಳಿದ್ದ. ಇವರೆಲ್ಲ ದಿನಕ್ಕೆರಡು ಸಲ ಕೇಳಿದ್ದರು. ಅವಳ ತಪ್ಪೇನೂ ಇರಲಿಲ್ಲ. ಎಮ್ಮೆಯ ಜೊತೆ ಹಗ್ಗ, ಗಂಗಾಳ ಕೊಡುವಂತೆ ದನಿಯನ್ನೂ ಕೊಟ್ಟರು, ಅವಳು ತೆಗೆದುಕೊಂಡಳು. ಮಾರಿದ್ದು ನನಗೆ ಗೊತ್ತಿಲ್ಲವೆಂಬುದು ಅವಳಿಗೆ ಗೊತ್ತಿರಲಿಲ್ಲ.

ಅವಳೇ ಮುಂದುವರಿಸಿದಳು: "ನಿಮ್ಮ ತಮ್ಮಾರು ಭಾಳ ಸೂಕ್ಷ್ಮ ಮನುಷ್ಯರ್ರಿ. ದಲ್ಲಾಳಿ ಹೇಳ್ತಿದ್ದ. ಗೂಡ್ಸ್ ಗಾಡಿ ಹತ್ತಾಕೆ ಎಮ್ಮೆ ಒಲ್ಲೆ ಅಂತಂತೆ. ಇವ್ರು ಬಡೀಲಿಲ್ಲ, ಎಳೀಲಿಲ್ಲ. ಗಾಡಿ ಒಳಗೆ ತಾವೇ ನಿಂತ್ಕಂಡು ಫೋನ್ ಹಿಡಿದ್ರಂತೆ, ನೀವು ಹತ್ತು ಹತ್ತು ಅಂತ ಕರಿಯೋದು. ತಾನಾಗೇ ಹಲಗಿ ಮ್ಯಾಲೆ ಕಾಲಿಟ್ಟು ಹತ್ತಿಬಿಡ್ತಂತೆ."

ಚಾನಲ್ ದಂಡೆ ಎಂದು ಅವನು ಹೇಳಿದ್ದು ಯಾತಕ್ಕೆಂದು ಆಗ ನನಗೆ ತಿಳಿಯಿತು. ಕೂತುಕೊಂಡೆ.

ಎಮ್ಮೆ ನೋಡುತ್ತೇನೆ ಎಂದೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಅದು ಕರುವಾಗಿದ್ದಾಗಿನಿಂದ ಕರೆದ ಹಾಗೇ ಕರೆದೆ.

"ನನ್ನವ್ವ…"

ಅದರ ಕಿವಿಗಳು ನಿಮಿರಿದವು. ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಹಿಂದಕ್ಕೆ ಸರಿಯಿತು. ಹಗ್ಗ ಬಿಗಿಯಾಗುವವರೆಗೂ ಸರಿದು, ಕತ್ತು ಆಚೆ ಹೊರಳಿಸಿ, ಕಣ್ಣಿನ ಬಿಳಿ ಕಾಣುವಂತೆ ಎಳೆಯತೊಡಗಿತು. ನಾನು ಇನ್ನೊಂದು ಮಾತಾಡಿದೆ. ಇನ್ನೂ ಜೋರಾಗಿ ಎಳೆಯಿತು. ಗೂಟ ಅಲ್ಲಾಡಿತು.

"ಇದೇ ನೋಡ್ರಿ," ಎಂದಳು ಅವಳು. "ಮೊದಲು ಹಿಂಗಿರಲಿಲ್ಲ. ನಾಕು ದಿನದಿಂದ ಫೋನ್ ಹಚ್ಚಿದ್ರೆ ಸಾಕು, ಹಿಂಗೇ ಮಾಡ್ತೈತೆ."

ಹೇಗೆ ಹಚ್ಚುತ್ತೀರಿ, ತೋರಿಸಿ ಎಂದೆ. ಅಂಗಳಕ್ಕೆ ಬಂದು ಅವಳು ಫೋನ್ ತೆಗೆದಳು. ಮೊದಲನೆಯದು ಹಚ್ಚಿದಳು, ನನ್ನ ಹಿಂಡುವ ಹೊತ್ತಿನ ಮಾತು. "ನನ್ನ ತಮ್ಮ ಒಳ್ಳೇನು. ನಿನ್ನ ಚೆನ್ನಾಗಿ ನೋಡ್ಕಂತಾನೆ" ಎಂಬಲ್ಲಿಗೆ ಅದು ಮುಗಿಯಿತು. ಮುಗಿದ ಕೂಡಲೇ ಎರಡನೆಯದು ತಾನೇ ಶುರುವಾಯಿತು. ಆಮೇಲೆ ಮೂರನೆಯದು. ಆಮೇಲೆ "ಹತ್ತು ನನ್ನವ್ವ, ಹತ್ತು". ಸಾಲಾಗಿ ಬಂದ ವಾಯ್ಸ್ ಮೆಸೇಜುಗಳು ಒಂದರ ಹಿಂದೊಂದು ಹಾಗೇ ಓಡುತ್ತವೆ. ಅವಳ ಕೈ ಹಾಲಿನಲ್ಲಿರುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ಸೊರೆ ಬಿಟ್ಟು ಅರ್ಧ ಹಾಲು ಕೊಟ್ಟ ಹೊತ್ತಿಗೆ ದಿನಕ್ಕೆರಡು ಸಲ ಆ ಕರೆ ಕೇಳಿಸುತ್ತಿತ್ತು.

ಎಮ್ಮೆಯ ತಲೆಯೊಳಗೆ ಏನು ನಡೆಯಿತೆಂದು ನಾನು ಹೇಳಲಾರೆ. ಮಕ್ಕಳಿಗೆ ಪಾಠ ಹೇಳುವಾಗಲೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುತ್ತೇನೆ. ಆದರೆ ನನಗನ್ನಿಸಿದ್ದು ಇಷ್ಟು: ಹಲಗೆ ಹತ್ತಿಸಿ, ಅಲುಗಾಡುವ ಗಾಡಿಯಲ್ಲಿ ನಿಲ್ಲಿಸಿ, ಗೊತ್ತಿಲ್ಲದ ಕೊಟ್ಟಿಗೆಗೆ ತಂದದ್ದು ಆ ಕರೆ. "ನಾನಿದೀನಿ" ಎಂದಿತ್ತು, ಇರಲಿಲ್ಲ. ಅದರ ಪಾಲಿಗೆ ಮೋಸ ಮಾಡಿದವಳು ನಾನೇ. ಅದಕ್ಕೆ ಗೊತ್ತಿದ್ದ ದನಿ ನನ್ನದು, ತಮ್ಮನದಲ್ಲ.

ಇನ್ನೊಂದು ಸಂಗತಿಯೂ ಇದೆ. ಫೋನು ಮನುಷ್ಯರ ಕಿವಿಗೆಂದು ಮಾಡಿದ ವಸ್ತು. ನಮಗೆ ಮಾತು ಅರ್ಥವಾದರೆ ಸಾಕೆಂದು ಮೇಲಿನದನ್ನೂ ಕೆಳಗಿನದನ್ನೂ ಕತ್ತರಿಸಿಬಿಡುತ್ತದೆ. ಎಮ್ಮೆಗೆ ಆ ಕತ್ತರಿಸಿದ ಭಾಗವೂ ಕೇಳುತ್ತದೆ. ಅದು ಇಷ್ಟು ದಿನ ಕೇಳಿಸಿಕೊಂಡದ್ದು ನನ್ನ ದನಿಯಂಥದ್ದು, ನನ್ನ ದನಿ ಅಲ್ಲ. ಆದರೂ ಹಾಲು ಕೊಟ್ಟಿತ್ತು.

ಸಂಜೆಯ ಹಾಲಿನ ಹೊತ್ತಾಗುವವರೆಗೂ ನಾನು ಅಲ್ಲೇ ಇದ್ದೆ. ಫೋನಿನಲ್ಲಿದ್ದ ನನ್ನ ನಾಲ್ಕೂ ಮಾತುಗಳನ್ನು ಅಳಿಸಿಬಿಡಿ ಎಂದು ಆ ಹೆಂಗಸನ್ನು ಕೇಳಿದೆ. ಅವಳು ಗಾಬರಿಯಾದಳು.

"ಮತ್ತೆ ಹಾಲು? ಎಲ್ರೂ ಇಂಜೆಕ್ಷನ್ ಹಾಕಿಸು ಅಂತಾರೆ. ನಂಗೆ ಅದು ಬ್ಯಾಡ ಅಂತಾನೇ ನಿಮಗೆ ಫೋನ್ ಮಾಡಿದ್ದು."

"ಇಂಜೆಕ್ಷನ್ ಬ್ಯಾಡ. ನಾನೂ ಮಾತಾಡೋದಿಲ್ಲ. ನೋಡಾನ."

ಬಿಸಿನೀರು, ಬಟ್ಟೆ, ಒಂದು ಬುಟ್ಟಿ ಹಿಂಡಿ ಬೂಸಾ ತೆಗೆದುಕೊಂಡು ಒಳಗೆ ಹೋದೆ. ತುಟಿ ಬಿಚ್ಚಲಿಲ್ಲ. ಗಾಳಿ ನನ್ನ ಕಡೆಯಿಂದ ಅದರ ಕಡೆಗೆ ಬೀಸುವ ಜಾಗ ನೋಡಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ. ಮೊದಲು ಅದು ಎಳೆಯುವುದನ್ನು ನಿಲ್ಲಿಸಿತು. ಆಮೇಲೆ ಮೂಗಿನ ಹೊಳ್ಳೆ ಅರಳಿಸಿ ಒಂದು ಹೆಜ್ಜೆ ಮುಂದೆ ಬಂತು. ನನ್ನ ತಲೆ ಮೂಸಿತು, ಹೆಗಲು ಮೂಸಿತು, ಕೊನೆಗೆ ಸೀರೆಯ ಸೆರಗನ್ನು ನೆಕ್ಕಿತು. ಅತ್ತರೆ ಶಬ್ದವಾಗುತ್ತದೆಂದು ನಾನು ಅಳುವುದನ್ನೂ ನುಂಗಿಕೊಂಡೆ. ಆ ಹೆಂಗಸಿಗೆ ಕೈಸನ್ನೆ ಮಾಡಿ ಕರೆದು ಬಟ್ಟೆ ಅವಳ ಕೈಗೆ ಕೊಟ್ಟೆ. ಅವಳು ಕೆಚ್ಚಲಿಗೆ ಬಿಸಿನೀರು ಒತ್ತಿದಳು. ಬಹಳ ತಡವಾಗಿ, ಪೂರ್ತಿಯಲ್ಲ, ಅರ್ಧ ಚೊಂಬಿನಷ್ಟು ಹಾಲು ಇಳಿಯಿತು.

ಹೊರಗೆ ಬಂದ ಮೇಲೆ ಹೇಳಿದೆ: "ಇನ್ನು ನಿಮ್ಮದೇ ಮಾತಾಡ್ರಿ. ಏನಾದ್ರೂ ಸರಿ. ಹಿಂಡೋ ಹೊತ್ತಿಗೆ ಮಾತ್ರ ಆಡೋ ಮಾತಿರ್ಲಿ. ಆ ಮಾತಲ್ಲಿ ಅದನ್ನ ಬ್ಯಾರೆ ಎಲ್ಲಿಗೂ ಕರೀಬ್ಯಾಡ್ರಿ."

"ನಂಗೇನು ಮಾತು ಬರ್ತಾವ್ರಿ, ಗಂಡನ್ನ ಬಯ್ಯೋದು ಬಿಟ್ರೆ?"

"ಅದನ್ನೇ ಬಯ್ರಿ, ಮೆಲ್ಲಕೆ."

ಅವಳು ನಕ್ಕಳು. ಆಗ ಕೇಳಿದೆ, ಎಮ್ಮೆಯನ್ನು ವಾಪಸ್ ಕೊಡುತ್ತೀರಾ ಎಂದು. ಅವಳ ನಗು ನಿಂತಿತು. ಹೇಳಿದಳು: "ನೀವು ಕೇಳಿದ್ರೆ ಇಲ್ಲ ಅನ್ನಾಕೆ ಬರಲ್ಲ. ಆದ್ರೆ ಒಯ್ದು ಎಲ್ಲಿ ಕಟ್ತೀರಿ ಅಕ್ಕಾರ? ಕೊಟ್ಟಿಗಿ ಕೆಡವ್ಯಾರಂತಲ್ಲ?"

ಅದೂ ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ದಾವಣಗೆರೆಗೆ ಬಂದು ಶಾಮನೂರಿಗೆ ಹೋದೆ. ಕೊಟ್ಟಿಗೆ ಇದ್ದಲ್ಲಿ ಪಾಯ ತೋಡಿದ್ದರು. ಇಟ್ಟಿಗೆ ಬಂದು ಬಿದ್ದಿತ್ತು. ನಾಯಿ ನಾನು ಬಸ್ ಇಳಿದಾಗಿಂದಲೇ ಕಾದಿತ್ತೇನೋ, ಓಣಿಯ ತಿರುವಿನಲ್ಲೇ ಮೈಮೇಲೆ ಎಗರಿತು. ತಮ್ಮ ಬಾಗಿಲಿಗೆ ಬಂದವನು ನನ್ನ ಮುಖ ನೋಡಿ ಅಲ್ಲೇ ನಿಂತ. ಅವನ ಹೆಂಡತಿ ಕಾಫಿ ಇಡುತ್ತೇನೆಂದು ಒಳಗೆ ಹೋದಳು, ಆಮೇಲೆ ಹೊರಗೆ ಬರಲಿಲ್ಲ.

"ಹರಿಹರದಾಗೇ ಐತೆ ಎಮ್ಮೆ," ಎಂದೆ.

ಅವನು ನೆಲ ನೋಡಿದ. "ಮಾಯಕೊಂಡದ ಕಡೆ ಅಂದಿದ್ದ ದಲ್ಲಾಳಿ."

"ಎಲ್ಲಿಗಾದ್ರೇನು. ನಂಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೂಂ ಅಂತಿದ್ದೇನು?"

"ಇಲ್ಲ."

"ಮತ್ತೆ?" ಅವನ ದನಿ ಎದ್ದಿತು. "ಸುತ್ತಲೂ ಮನೆ ಆಗ್ಯಾವೆ. ಸಗಣಿ ವಾಸನೆ ಅಂತ ದಿನಾ ಒಬ್ರು ಬಾಗಿಲಿಗೆ ಬರ್ತಾರೆ. ಇವಳಿಗೆ ಸೊಂಟ ನೋವು. ನೀನು ಸ್ಕೂಲಿಗೆ ಹೋಗ್ತೀಯ, ಸಗಣಿ ಬಾಚೋರು ಯಾರು, ಮೇವು ಹಾಕೋರು ಯಾರು? ನಾನು ಎಷ್ಟು ಸಲ ಮಾತು ತೆಗೆದೆ ಹೇಳು. ನೀನು ಎದ್ದು ಕೊಟ್ಟಿಗಿಗೆ ಹೋಗಿಬಿಡ್ತಿದ್ದೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಎದ್ದು ಹೋಗುತ್ತಿದ್ದುದು ನಿಜ. ಅವನ ಹೆಂಡತಿಯ ಸೊಂಟ ನೋವೂ ನಿಜ.

"ಮಾರಿದ್ದಕ್ಕೆ ನಾನು ಜಗಳಾಡಾಕೆ ಬಂದಿಲ್ಲ," ಎಂದೆ. "ಜಗಳಾಡಿ, ಅತ್ತು, ಒಂದಿನ ಸುಮ್ಮನಾಗ್ತಿದ್ದೆ. ಆದ್ರೆ ನನ್ನ ಬಾಯಿಂದ ಕರೆಸಿದೆಯಲ್ಲೋ. ಹಗ್ಗ ಹಾಕಿ ಎಳೆಯಬೇಕಿತ್ತು. ಬಡೀಬೇಕಿತ್ತು. ಅದು ನಿನ್ನ ಮ್ಯಾಲೆ ಸಿಟ್ಟಾಗ್ತಿತ್ತು."

"ಬಡಿಯೋದು ಚೆನ್ನಾಗಿರ್ತಿತ್ತೇನು? ಅದಕ್ಕೆ ನೋವಾಗಬಾರ್ದು ಅಂತ ತಾನೇ…"

ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಒಳ್ಳೆಯ ರೀತಿಯಲ್ಲಿ ಕೆಲಸ ಮುಗಿಸಿದೆ ಎಂದೇ ಅವನು ತಿಳಿದಿದ್ದ. ಅದೇ ನನ್ನ ಬಾಯಿ ಕಟ್ಟಿತು. ಬೇಕೆಂದೇ ನೋಯಿಸಿದವನಿಗೆ ಹೇಳಲು ಮಾತುಗಳಿರುತ್ತವೆ.

"ಆ ಕೂಗು ಯಾವುದು?" ಎಂದು ಕೊನೆಗೆ ಕೇಳಿದೆ. "ಶೀತ ಆಗೈತೆ ಅಂದದ್ದು?"

"ಹದಡಿ ಕಡೆ ಹೋಗಿದ್ದೆ, ಅಲ್ಲಿ ಯಾರದ್ದೋ ಎಮ್ಮೆ," ಎಂದ, ಇನ್ನೂ ನೆಲ ನೋಡುತ್ತಾ. ಆ ಒಂದು ಮಾತಿಗೆ ಮಾತ್ರ ಅವನಿಗೆ ನಾಚಿಕೆಯಾದಂತೆ ಕಂಡಿತು.

ಫೋನ್ ತೆಗೆಸಿ, ನನ್ನ ಎದುರಿಗೇ ನಾಲ್ಕನ್ನೂ ಅಳಿಸಿಸಿದೆ. ದಲ್ಲಾಳಿಯ ಫೋನಿನಲ್ಲಿರುವುದನ್ನು ಯಾರು ಅಳಿಸುತ್ತಾರೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟ್ರಂಕಿನಿಂದ ನನ್ನ ನಾಲ್ಕು ಸೀರೆ, ಪುಸ್ತಕ ತೆಗೆದುಕೊಂಡು ಅದೇ ದಿನ ಹರಿಹರಕ್ಕೆ ವಾಪಸಾದೆ.

ರಜೆ ಮುಗಿದ ಮೇಲೂ ನಾನು ಚಿಕ್ಕಮ್ಮನ ಮನೆಯಲ್ಲೇ ಉಳಿದೆ. ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಸ್ಕೂಲಿಗೆ ಹೋಗಿ ಬರುತ್ತೇನೆ. ಚಿಕ್ಕಮ್ಮನ ಕಾಲು ಪೂರ್ತಿ ಸರಿಯಾಗಿಲ್ಲವೆಂದು ಊರಲ್ಲಿ ಹೇಳಿಕೊಂಡಿದ್ದೇವೆ. ಕಾಲು ಚೆನ್ನಾಗಿಯೇ ಇದೆ. ಹೊಳೆದಂಡೆಯ ಕೊಟ್ಟಿಗೆಗೆ ನಾನು ಮತ್ತೆ ಹೋದದ್ದು ಒಂದೇ ಸಲ. ಗೇಟಿನ ಆಚೆಗೇ ನಿಂತು ಕೇಳಿಸಿಕೊಂಡೆ. ಆ ಹೆಂಗಸು ಮೆಲ್ಲಗಿನ ದನಿಯಲ್ಲಿ ಗಂಡನ ಸೋಮಾರಿತನವನ್ನು ಒಂದೊಂದಾಗಿ ಎಮ್ಮೆಗೆ ವಿವರಿಸುತ್ತಿದ್ದಳು. ಚೊಂಬಿಗೆ ಹಾಲು ಬೀಳುತ್ತಿತ್ತು. ಒಳಗೆ ಹೋಗಿ ಮಾತಾಡಿಸಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ಹಾಗೇ ಹಿಂದಿರುಗಿದೆ.

ಈ ವರ್ಷ ಶಬ್ದದ ಪಾಠವನ್ನು ಪುಸ್ತಕದಲ್ಲಿದ್ದಷ್ಟೇ ಮಾಡಿದೆ.

ಗೌರಿ ಹಬ್ಬಕ್ಕೆ ತಮ್ಮ ಕರೆಯಲು ಬಂದಿದ್ದ. ಹೋಗದೆ ಇರುವುದು ನನ್ನಿಂದ ಆಗಲಿಲ್ಲ. ಕೊಟ್ಟಿಗೆಯ ಜಾಗದಲ್ಲಿ ಎರಡು ಮಳಿಗೆ ಎದ್ದಿವೆ, ಒಂದರಲ್ಲಿ ಆಗಲೇ ಝೆರಾಕ್ಸ್ ಅಂಗಡಿ ಬಂದಿದೆ. ತಮ್ಮನ ಹೆಂಡತಿ ಪ್ರೀತಿಯಿಂದ ಹೋಳಿಗೆ ಬಡಿಸಿದಳು, ತಿಂದೆ. ಸಂಜೆ ತಮ್ಮ ಬೈಕಿನಲ್ಲಿ ದಾವಣಗೆರೆ ಬಸ್ ಸ್ಟ್ಯಾಂಡಿಗೆ ಬಿಟ್ಟ. ವಾಪಸ್ ಹೋಗಲಿಲ್ಲ, ಬೈಕು ಆಫ್ ಮಾಡಿ ನಿಂತೇ ಇದ್ದ.

"ಅಕ್ಕ, ಅವತ್ತು ಗಾಡಿ ಹತ್ತಿಸೋವಾಗ ನಾನೂ ಅತ್ತೆ," ಎಂದ.

ಅತ್ತಿರಬಹುದು. ಅವನು ಸುಳ್ಳು ಹೇಳುತ್ತಿದ್ದಾನೆಂದು ನನಗನ್ನಿಸಲಿಲ್ಲ. ಆದರೆ ಅಳುತ್ತಲೂ ಅವನು ಫೋನನ್ನು ಕೆಳಗಿಳಿಸಿರಲಿಲ್ಲ. ಹರಿಹರದ ಬಸ್ಸು ಬಂತು. ಬರುತ್ತೇನೆ ಎಂದು ಹೇಳಿ ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತು. ಅವನು ಕೆಳಗೆ ನಿಂತು ಏನೋ ಹೇಳುತ್ತಿದ್ದ, ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಏನು ಎಂದು ನಾನು ಕೇಳಲಿಲ್ಲ.